ಮುಂಬೆಂಚಿನಮ್ಮನ ಮೂವತ್ತೈದು

ಬೆಳಗಿನ ಆರೂಕಾಲು. ಪ್ರಾಥಮಿಕ ಶಿಕ್ಷಕರ ತರಬೇತಿ ಶಾಲೆಯ ನಾಲ್ಕನೇ ಕೋಣೆಯಲ್ಲಿ ಐವತ್ತೊಂಬತ್ತರ ಆಯಾ ಕಸ ಗುಡಿಸಿ, ಕರಿಹಲಗೆಯನ್ನು ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸುತ್ತಾರೆ. ಐಸ್‌ಕ್ರೀಮ್ ಕಡ್ಡಿಗಳನ್ನು ಹತ್ತು ಹತ್ತರಂತೆ ರಬ್ಬರ್ ಬ್ಯಾಂಡ್ ಹಾಕಿ ಕಟ್ಟುತ್ತಾರೆ. ನಾಲ್ಕು ಕಟ್ಟು, ಬಿಡಿಯಾಗಿ ಎರಡು. ಆಮೇಲೆ ಪೊರಕೆಯನ್ನು ಮೂಲೆಗಿಟ್ಟು, ಪುಟ್ಟ ಮಕ್ಕಳ ಅಳತೆಯ ಮುಂದಿನ ಬೆಂಚಿನಲ್ಲಿ ಮಂಡಿ ಹಿಡಿದುಕೊಂಡು ಕೂರುತ್ತಾರೆ. ಇನ್ನು ಮಧ್ಯಾಹ್ನದವರೆಗೆ ಅವರು ಎರಡನೇ ತರಗತಿಯ ಹುಡುಗಿ.

ಅರವತ್ತೊಂದು ವರ್ಷದ ಹಿಂದೆ ವಿಶ್ವವಿದ್ಯಾಲಯ ತನ್ನ ಮುದ್ರಣಾಲಯದ ಗೋದಾಮಿನಲ್ಲಿ ಈ ಶಾಲೆ ಶುರು ಮಾಡಿತು. ಭಾವೀ ಶಿಕ್ಷಕರು ಪಾಠ ಹೇಳಿ ಕಲಿಯಲೆಂದು ಪಕ್ಕದಲ್ಲೇ ಮಕ್ಕಳ ಮಾದರಿ ಶಾಲೆಯೂ ಇತ್ತು. ಒಂದು ಕಾಲಕ್ಕೆ ಇನ್ನೂರು ಮಕ್ಕಳು. ಮನೆ ಬಾಗಿಲಿಗೆ ಬಸ್ಸು ಕಳಿಸುವ ಶಾಲೆಗಳು ಬಂದಮೇಲೆ ನಲವತ್ತಾಯಿತು, ಏಳಾಯಿತು, ಹತ್ತೊಂಬತ್ತು ವರ್ಷದ ಹಿಂದೆ ಬೀಗ ಬಿತ್ತು. ಪಾಠ ಹೇಳುವವರಿದ್ದಾರೆ, ಕೇಳುವ ಮಕ್ಕಳಿಲ್ಲ. ಆಗಿನ ಮುಖ್ಯಸ್ಥರು ಬಾಗಿಲಲ್ಲಿ ನಿಂತಿದ್ದ ಆಯಾಗೆ, "ನೀವೇ ಕೂತ್ಕೊಳ್ಳಮ್ಮ, ಏನಾದ್ರೂ ಉತ್ತರ ಹೇಳಿ" ಅಂದರಂತೆ.

"ಏನಾದ್ರೂ ಹೇಳಿದ್ರೆ ಆಗುತ್ತಾ? ಮಕ್ಕಳು ಸುಮ್ಸುಮ್ನೆ ತಪ್ಪು ಮಾಡಲ್ಲ" ಎನ್ನುತ್ತಾರೆ ಆಯಾ. ಮಾದರಿ ಶಾಲೆಯ ಸ್ಲೇಟುಗಳನ್ನು ಹದಿನಾಲ್ಕು ವರ್ಷ ಒರೆಸಿದವರು. ಮಕ್ಕಳ ತಪ್ಪುಗಳೆಲ್ಲ ಬಾಯಿಪಾಠ. ನಲವತ್ತೆರಡರಲ್ಲಿ ಹದಿನೇಳು ಕಳೆ ಎಂದರೆ ಅವರು ಮೂವತ್ತೈದು ಎನ್ನುತ್ತಾರೆ. ಎರಡರಲ್ಲಿ ಏಳು ಹೋಗದು, ಪಕ್ಕದ ಮನೆಯಿಂದ ಹತ್ತು ತರಬೇಕು ಎಂಬುದು ಮಗುವಿಗೆ ತೋಚದೆ, ದೊಡ್ಡದರಿಂದ ಸಣ್ಣದನ್ನು ಕಳೆದುಬಿಡುತ್ತದೆ. ದಿನಕ್ಕೆ ಐದಾರು ಪಾಠ. ನಡುವೆ ಪೆನ್ಸಿಲ್ ಬೀಳಿಸುತ್ತಾರೆ, ಮುಖ ಊದಿಸುತ್ತಾರೆ, ಕಿರುಬೆರಳೆತ್ತಿ ಹೊರಗೆ ಓಡುತ್ತಾರೆ. ಅವರಿಗೆ ಮುಂಬೆಂಚಿನಮ್ಮ ಎಂದು ಹೆಸರಿಟ್ಟವರು ಪಾಠ ಹೇಳಲು ಬರುವ ತರಬೇತಿ ವಿದ್ಯಾರ್ಥಿಗಳೇ.

ಒಬ್ಬ ಮಹಾರಾಯ ಪಾಠದ ಭರದಲ್ಲಿ ಸ್ಕೇಲಿನಿಂದ ಅವರ ಕೈಗೆ ಬಾರಿಸಿಯೇಬಿಟ್ಟ. ಆಯಾ ದೂರು ಕೊಡಲಿಲ್ಲ. "ಇಲ್ಲಿ ನನಗೆ ಹೊಡೆದು ಮುಗಿಸ್ಕೊಳ್ಳಪ್ಪ, ಅಲ್ಲಿ ಮಗೂಗೆ ಬೇಡ ಅಂದೆ. ಅತ್ತುಬಿಟ್ಟ."

ಇಷ್ಟು ಹೇಳಿ ಅವರು ಕಡ್ಡಿಯ ಕಟ್ಟನ್ನು ಬಿಚ್ಚಿ, ಮತ್ತೆ ಕಟ್ಟುತ್ತಾರೆ. ಮೂವತ್ತೈದು ಎಂಬ ಆ ಉತ್ತರದ ಹಿಂದೆ ಅವರ ಸ್ವಂತ ಮಗಳಿದ್ದಾಳೆ.

ಇಪ್ಪತ್ತಾರು ವರ್ಷದ ಹಿಂದೆ ಆ ಹುಡುಗಿ ಇದೇ ಮಾದರಿ ಶಾಲೆಯಲ್ಲಿ, ಇದೇ ಬೆಂಚಿನಲ್ಲಿ ಕೂತಿದ್ದಳು. ತರಬೇತಿಯ ವಿದ್ಯಾರ್ಥಿನಿಯೊಬ್ಬಳ ಪರೀಕ್ಷಾ ಪಾಠ; ಹಿಂದೆ ಪರೀಕ್ಷಕರು. ಇದೇ ಲೆಕ್ಕಕ್ಕೆ ಮಗಳು ಎದ್ದು ನಿಂತು ಮೂವತ್ತೈದು ಎಂದಳು. ಪರೀಕ್ಷಕರು ನಕ್ಕರು, ವಿದ್ಯಾರ್ಥಿನಿ ಕಣ್ಣೀರಿಟ್ಟಳು. ಕಿಟಕಿಯಾಚೆ ಗುಡಿಸುತ್ತಿದ್ದ ತಾಯಿಗೆ ತಲೆ ತಗ್ಗಿಸುವಂತಾಯಿತು. ಮಗಳನ್ನು ಜಗುಲಿಗೆಳೆದು, ಪೊರಕೆ ತಿರುಗಿಸಿ ಹಿಡಿದು, ಎರಡೂ ಅಂಗೈಗೆ ಹೊಡೆದರು.

"ಟೀಚರ್ ಹೊಡೀಲಿಲ್ಲ. ನಾನೇ ಹೊಡೆದಿದ್ದು. ಮಾರನೇ ದಿನದಿಂದ ಶಾಲೆ ಅಂದ್ರೆ ಜ್ವರ. ಆಮೇಲೆ ಬರಲೇ ಇಲ್ಲ" ಎನ್ನುತ್ತಾರೆ. ಮಗಳು ಈಗ ಹೊಲಿಗೆ ಕಾರ್ಖಾನೆಯಲ್ಲಿ ದಾರ ಕತ್ತರಿಸುತ್ತಾಳೆ. "ಇವತ್ತಿಗೂ ಯಾರಾದ್ರೂ ಲೆಕ್ಕ ಕೇಳಿದ್ರೆ ಕೈ ಹಿಂದಕ್ಕೆ ಕಟ್ಕೊಳ್ತಾಳೆ."

ಇನ್ನು ಹನ್ನೆರಡು ದಿನಕ್ಕೆ ಈ ತರಬೇತಿ ಶಾಲೆಯೇ ಮುಚ್ಚುತ್ತದೆ. ಕೊನೆಯ ತಂಡದಲ್ಲಿ ಒಂಬತ್ತೇ ಜನ. ಕೋಣೆಗಳಲ್ಲಿ ವಿಶ್ವವಿದ್ಯಾಲಯದ ಉತ್ತರಪತ್ರಿಕೆಗಳ ಮೂಟೆ ಪೇರಿಸುತ್ತಾರಂತೆ. ಬೆಂಚಿನ ಮೇಲೆ ಆಗಲೇ ಸುಣ್ಣದಲ್ಲಿ ಹರಾಜಿನ ನಂಬರು ಬಿದ್ದಿದೆ. ಆಯಾರನ್ನು ಆಮೇಲೆ ಅತಿಥಿಗೃಹದ ಶೌಚಾಲಯ ತೊಳೆಯಲು ಹಾಕಿದ್ದಾರೆ. ಶಾಲೆಯ ಚರಿತ್ರೆ ಬರೆಯಲು ಕೂತ ಸಮಿತಿಯವರು ಮುಖ್ಯಸ್ಥರ ಫೋಟೋಗಳನ್ನೆಲ್ಲ ಒಯ್ದರು. ಇವರನ್ನು ಕರೆದು ಕೇಳಿದ್ದು ಕಪಾಟಿನ ಬೀಗದ ಕೈ ಮಾತ್ರ.

ಎಂಟೂವರೆಗೆ ಇಂದಿನ ಮೊದಲ ಪಾಠ. ಒಲ್ಲದ ಮನಸ್ಸಿನಿಂದ ಈ ಕಸುಬಿಗೆ ಬಂದಂತಿರುವ ವಿದ್ಯಾರ್ಥಿನಿ ಕರಿಹಲಗೆಯ ಮೇಲೆ ಅದೇ ಲೆಕ್ಕ ಬರೆಯುತ್ತಾಳೆ. "ಮೂವತ್ತೈದು ಮಿಸ್" ಎಂದು ಆಯಾ ಎದ್ದು ನಿಲ್ಲುತ್ತಾರೆ. "ಎಷ್ಟು ಸಲ ಹೇಳೋದು!" ಎಂದು ರೇಗಿದ ವಿದ್ಯಾರ್ಥಿನಿ ಅಲ್ಲೇ ತನ್ನನ್ನು ತಡೆದುಕೊಳ್ಳುತ್ತಾಳೆ. ಬೆಂಚಿನ ಪಕ್ಕ ನೆಲದ ಮೇಲೆ ಕೂತು ಕೇಳುತ್ತಾಳೆ: "ಹೇಗೆ ಮಾಡಿದೆ ಪುಟ್ಟಿ? ನನಗೂ ತೋರಿಸು."

ಆಯಾ ಕಡ್ಡಿಯ ಕಟ್ಟು ಕೈಗೆತ್ತಿಕೊಳ್ಳುತ್ತಾರೆ. ಬಿಚ್ಚಲು ತುಸು ಹೊತ್ತು ಹಿಡಿಯುತ್ತದೆ.

ಪಾಠ ಮುಗಿದ ಮೇಲೆ ನಿಮಗೇನು ಬೇಕು ಎಂದು ಕೇಳಿದರೆ, ಬೆಂಚಿನ ನಂಬರನ್ನು ಸೆರಗಿನಿಂದ ಉಜ್ಜುತ್ತಲೇ ಉತ್ತರಿಸುತ್ತಾರೆ. "ಈ ಬೆಂಚು ಹೋಗೋದ್ರೊಳಗೆ ನನ್ನ ಮಗಳು ಒಂದು ಸಲ ಇಲ್ಲಿ ಬಂದು ಕೂರ್ಬೇಕು. ಕರೆದೆ, ಬರಲ್ಲ ಅಂದ್ಲು. ಇನ್ನೂ ಹನ್ನೆರಡು ದಿನ ಇದ್ಯಲ್ಲ, ದಿನಾ ಕರೀತೀನಿ. ಬಂದ್ರೆ ನಾನೂ ಹೀಗೇ ನೆಲದ ಮೇಲೆ ಕೂತು ಕೇಳ್ತೀನಿ, ಹೇಗೆ ಮಾಡಿದೆ ಪುಟ್ಟಿ ಅಂತ. ಅವಳು ಮತ್ತೆ ಮೂವತ್ತೈದು ಅಂದ್ರೂ ಸರಿ. ಕೈ ಮುಂದೆ ಇಟ್ಕೊಂಡು ಹೇಳಿದ್ರೆ ಸಾಕು."