ಟೈಲರಮ್ಮ ಹೊಸ ಗಾಡಿಗೆ ಟ್ರಯಲ್ ನೋಡಿದ್ದು

ಟೈಲರಮ್ಮನ ಬಗ್ಗೆ ಅವಳ ಬೀದಿಯವರು ಹೇಳುವ ಮಾತೊಂದಿದೆ: ತನ್ನ ನೆರಳು ಸೊಟ್ಟಗೆ ಬಿದ್ದರೂ ಅವಳು ಬಿಚ್ಚಿ ಮತ್ತೆ ಹೊಲಿಯುತ್ತಾಳೆ. ಇದನ್ನು ಹೊಗಳಿಕೆಯಾಗಿ ಹೇಳುವವರೂ ಇದ್ದಾರೆ, ಬೈಗುಳವಾಗಿ ಹೇಳುವವರೂ ಇದ್ದಾರೆ. ಶಾಲೆ ಶುರುವಾಗುವ ಹಿಂದಿನ ದಿನ ಮಗುವಿನ ಅಂಗಿ ಒಯ್ಯಲು ಬಂದು, ಕಾಲರು ಒಂದೆಳೆ ಏರಿದೆ, ಸಂಜೆ ಬನ್ನಿ ಎನ್ನಿಸಿಕೊಂಡು ಬರಿಗೈಯಲ್ಲಿ ವಾಪಸು ಹೋದ ತಾಯಂದಿರು ಯಾವ ಗುಂಪಿನವರು ಎಂದು ಬೇರೆ ಹೇಳಬೇಕಾಗಿಲ್ಲ.

ಅವಳ ಅಂಗಡಿಯೆಂದರೆ ಎರಡು ಹೊಲಿಗೆ ಯಂತ್ರ, ಬಟ್ಟೆಯ ಅಂಚು ಕಟ್ಟುವ ಒಂದು ಓವರ್‌ಲಾಕ್ ಯಂತ್ರ, ಕತ್ತರಿಸುವ ಮೇಜು ಮತ್ತು ಬಾಗಿಲ ಹಿಂದೆ ನಿಂತ ಒಂದು ಉದ್ದ ಕನ್ನಡಿ. ಹೊಲಿಯುವುದು ಬಹುಪಾಲು ಶಾಲೆ ಮಕ್ಕಳ ಸಮವಸ್ತ್ರ. ಅರ್ಧ ಹೊಲಿದ ಅಂಗಿ ತೊಡಿಸಿ ಮಗುವನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಕೈ ಮೇಲೆತ್ತು, ಬಗ್ಗು, ಈಗ ಕೂತ್ಕೋ ಎಂದು ಟ್ರಯಲ್ ನೋಡುತ್ತಾಳೆ. ನಿಂತಾಗ ಎಲ್ಲ ಬಟ್ಟೆಯೂ ಚೆನ್ನಾಗಿಯೇ ಕಾಣುತ್ತದೆ, ಕೂತಾಗ ತಾನೇ ಬಣ್ಣ ಬಯಲಾಗುವುದು. ಎಲ್ಲಿ ಹಿಡಿಯುತ್ತದೋ, ಎಲ್ಲಿ ಜೋಲುತ್ತದೋ ಅಲ್ಲಿ ನೀಲಿ ಚಾಕ್‌ಪೀಸಿನಿಂದ ಗೀಟು ಎಳೆಯುತ್ತಾಳೆ. ಗೀಟು ಬಿದ್ದಲ್ಲಿ ಹೊಲಿಗೆ ಬಿಚ್ಚುವುದೇ. ಕೆಲಸ ಕಲಿಸಿದವನು ಅವಳ ಸೋದರಮಾವ. ಸೊಟ್ಟ ಹೊಲಿದವನು ಇಂದಲ್ಲ ನಾಳೆ ಕಲೀತಾನೆ, ಸೊಟ್ಟ ಅಂತ ಗೊತ್ತಿದ್ದೂ ಮಡಚಿ ಕೊಟ್ಟವನು ಕಳ್ಳ ಎನ್ನುತ್ತಿದ್ದ. ಮಾವ ಸಿಡುಕ, ಆದರೆ ಈ ಒಂದು ಮಾತಿನಲ್ಲಿ ಅವನು ತಪ್ಪಿರಲಿಲ್ಲ.

ಇಂಥವಳಿಗೆ ಸಿಕ್ಕ ಗಂಡನೋ, ಲೋಕದಲ್ಲಿ ಯಾವುದಕ್ಕೂ ಗೀಟು ಎಳೆಯದವನು. ವೃತ್ತಿಯಲ್ಲಿ ಡ್ರೈವರು. ಮದುವೆಗೆ ಮೊದಲಿನಿಂದಲೂ ಯಾರ್ಯಾರದೋ ಲೋಡ್ ಗಾಡಿ ಓಡಿಸಿಕೊಂಡೇ ಬಂದವನು. ಒಂದರ ಬಾಗಿಲನ್ನು ಹಗ್ಗದಲ್ಲಿ ಕಟ್ಟಬೇಕಿತ್ತು, ಇನ್ನೊಂದರ ಕಿಟಕಿಗೆ ಗಾಜಿರಬೇಕಾದ ಕಡೆ ರಟ್ಟು ಇತ್ತು, ಮತ್ತೊಂದರಲ್ಲಿ ಮಳೆ ಹೊರಗಿಗಿಂತ ಒಳಗೇ ಜಾಸ್ತಿ ಸುರಿಯುತ್ತಿತ್ತು. ಕೇಳಿದರೆ, ಓಡುತ್ತಲ್ಲ, ಇನ್ನೇನು ಬೇಕು ಎನ್ನುತ್ತಿದ್ದ. ಆ ಓಟದ ಸಂಪಾದನೆಯಾಗಿ ಅವನ ಕಿಟಕಿ ಕಡೆಯ ಭುಜ ಚಳಿ ಬಿದ್ದರೆ ಸಾಕು ಮರಗಟ್ಟುತ್ತಿತ್ತು. ಎಷ್ಟೋ ಸಂಜೆ ಟೈಲರಮ್ಮ ಇಸ್ತ್ರಿಪೆಟ್ಟಿಗೆಯಲ್ಲಿ ಬಟ್ಟೆ ಕಾಯಿಸಿ ಆ ಭುಜಕ್ಕೆ ಒತ್ತುತ್ತಾ, ಗಾಡಿಯ ಮಾಲೀಕರ ವಂಶವನ್ನೆಲ್ಲ ಬೈದಿದ್ದಾಳೆ. ಅವನು ಅವರ ಪರವಾಗಿಯೇ ಮಾತಾಡುತ್ತಿದ್ದ.

ಹೊಸ ಪಿಕಪ್ ಗಾಡಿ ಕೊಳ್ಳುವುದೆಂದು ನಿರ್ಧಾರವಾದದ್ದು ಆ ಭುಜದ ಸಲುವಾಗಿಯೇ. ಸಮವಸ್ತ್ರದ ಗಂಟುಗಳನ್ನು ಶಾಲೆಗಳಿಗೆ ಮುಟ್ಟಿಸಬಹುದು, ಉಳಿದ ದಿನ ಬೇರೆ ಬಾಡಿಗೆ ಹೊಡೆಯಬಹುದು ಎಂಬುದು ಬೀದಿಯವರಿಗೆ ಹೇಳಿದ ಕಾರಣ. ಯಂತ್ರ ತುಳಿದು ಕೂಡಿಟ್ಟವಳು ಅವಳು. ಆದರೂ ಓಡಿಸುವವನು ನೀವು, ಹೆಸರೂ ನಿಮ್ಮದೇ ಇರಲಿ ಎಂದು ಕಾಗದವನ್ನೆಲ್ಲ ಅವನ ಹೆಸರಿಗೇ ಮಾಡಿಸಿದಳು. ತನ್ನದು ಎನ್ನುವಂಥ ಒಂದು ಗಾಡಿಯಲ್ಲಿ ಅವನು ಕೂರುವುದನ್ನು ನೋಡಬೇಕು, ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

ಗಾಡಿ ಒಯ್ಯುವ ದಿನ ಡ್ರೈವರು ಅವಳೇ ಹೊಲಿದ ಅಂಗಿ ತೊಟ್ಟು, ಎರಡೆರಡು ಸಲ ತಲೆ ಬಾಚಿಕೊಂಡು ಹೊರಟ. ಶೋರೂಮಿನ ಒಂದು ಭಾಗದಲ್ಲಿ ಕಾರುಗಳು ಹಾಲುಗಲ್ಲಿನ ನೆಲದ ಮೇಲೆ ದೀಪದ ಬೆಳಕಿನಲ್ಲಿ ನಿಂತಿದ್ದವು. ಪಿಕಪ್‌ಗಳಿಗೆ ಕೊಟ್ಟ ಜಾಗ ಇನ್ನೊಂದು ಭಾಗದಲ್ಲಿ, ಸಿಮೆಂಟು ನೆಲ. ಅವರ ಬಿಳಿ ಗಾಡಿಯ ಮೂತಿಗೆ ಕೆಂಪು ರಿಬ್ಬನ್ ಕಟ್ಟಿದ್ದರು. ಮ್ಯಾನೇಜರು ಕೀಲಿಕೈ ಕೊಟ್ಟ, ಫೋಟೋ ಹೊಡೆಸಿದ. ಡ್ರೈವರು ಒಳಗೆ ಹತ್ತಿ ಸ್ಟಿಯರಿಂಗಿನ ಮೇಲೆ ಎರಡೂ ಕೈ ಇಟ್ಟ. ಅವನ ಮುಖ ಅಷ್ಟು ಅರಳಿದ್ದನ್ನು ಟೈಲರಮ್ಮ ಹಿಂದೆಂದೂ ಕಂಡಿರಲಿಲ್ಲ.

ಅವನು ಬಾಗಿಲು ಎಳೆದುಕೊಂಡ. ಅದು ಕೂರಲಿಲ್ಲ. ಇನ್ನೊಮ್ಮೆ ಎಳೆದ. ಮೂರನೆಯ ಸಲ ಬಲವಾಗಿ ಬಡಿದ ಮೇಲೆ ಕಿರಗುಟ್ಟಿ ಕೂತಿತು. ಅವನು ಹೆಂಡತಿಯ ಕಡೆ ನೋಡಿ ನಕ್ಕು, ಹೊಸದಲ್ಲವೇ ಎಂದ. ಆ ನಗು ಅವಳಿಗೆ ಚೆನ್ನಾಗಿ ಪರಿಚಯವಿತ್ತು. ಹಗ್ಗ ಕಟ್ಟಿದ ಬಾಗಿಲಿಗೂ ಅವನು ನಗುತ್ತಿದ್ದುದು ಹೀಗೆಯೇ.

ಸ್ವಲ್ಪ ಕೆಳಗಿಳೀರಿ, ಟ್ರಯಲ್ ನೋಡಬೇಕು ಎಂದು ಅವನನ್ನು ಇಳಿಸಿ, ಚೀಲದಿಂದ ನೀಲಿ ಚಾಕ್‌ಪೀಸು ತೆಗೆದಳು. ಬಾಗಿಲಿನ ಸಂದು ಮೇಲ್ಗಡೆ ಅವಳ ಬೆರಳು ನುಗ್ಗುವಷ್ಟು ಅಗಲವಿತ್ತು, ಕೆಳಗಡೆ ಉಗುರೂ ಹೋಗುತ್ತಿರಲಿಲ್ಲ. ಎರಡೂ ಕಡೆ ಗೀಟು. ಕಿಟಕಿಯ ಮೂಲೆಯಲ್ಲಿ ರಬ್ಬರ್ ಪಟ್ಟಿ ಎದ್ದು ಬಂದಿತ್ತು, ಅಲ್ಲೊಂದು. ಬಾನೆಟ್ಟು ಎಡಕ್ಕೆ ಏರಿ ಬಲಕ್ಕೆ ಇಳಿದಿತ್ತು. ಸೀಟಿನ ಹೊಲಿಗೆಯಲ್ಲಿ ಟಾಕು ತಪ್ಪಿತ್ತು. ಅದನ್ನು ಕಂಡಾಗಲಂತೂ ಅವಳು ಹಲ್ಲು ಕಡಿದಳು. ಹಿಂದೆ ಸಾಮಾನು ತುಂಬುವ ತೊಟ್ಟಿಗೆ ಹತ್ತಿ, ಲೈನಿಂಗ್ ಬಟ್ಟೆಯ ಒಂದು ಚೂರನ್ನು ತಗಡಿನ ಅಂಚಿನ ಮೇಲೆ ಎಳೆದುಕೊಂಡು ಹೋದಳು. ಎಲ್ಲೆಲ್ಲಿ ಮುಳ್ಳಿನಂಥ ತಗಡು ಬಟ್ಟೆಯ ಎಳೆ ಕಿತ್ತಿತೋ ಅಲ್ಲೆಲ್ಲ ಗೀಟು. ಬಿಳಿ ಗಾಡಿ ಈಗ ಅರ್ಧ ಹೊಲಿದ ಅಂಗಿಯ ಹಾಗೆ ಕಾಣತೊಡಗಿತು.

ಮ್ಯಾನೇಜರು ಓಡಿ ಬಂದ.

“ಮೇಡಂ, ಏನ್ ಮಾಡ್ತಿದೀರಾ? ಹೊಸ ಗಾಡಿ ಅದು.”

“ಹೊಸದು ಅಂತಾನೇ ಗುರುತು ಹಾಕ್ತಿರೋದು. ಹಳೇದಾಗಿದ್ರೆ ಸುಮ್ನಿರ್ತಿದ್ದೆ.”

ಮ್ಯಾನೇಜರು ಒಳ್ಳೆಯ ಮಾತುಗಾರ. ಇದು ಲೋಡ್ ಗಾಡಿ, ಕಾರಲ್ಲ, ಇಷ್ಟೆಲ್ಲ ನೋಡಬಾರದು ಎಂದ. ಯಾರು ಬರೆದ ಕಾನೂನೋ ಏನೋ, ಮೂಟೆ ಹೊರುವ ಗಾಡಿಯ ಬಾಗಿಲು ನೆಟ್ಟಗೆ ಕೂರಬೇಕಾಗಿಲ್ಲವಂತೆ! ಈಗ ತೆಗೆದುಕೊಂಡು ಹೋಗಿ, ಮೊದಲನೆಯ ಸರ್ವೀಸಿಗೆ ತಂದಾಗ ಸರಿ ಮಾಡಿಕೊಡುತ್ತೇವೆ, ಅಲ್ಲಿಯವರೆಗೆ ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ ಎಂದ. ಗಿರಾಕಿ ಮನೆಗೆ ಒಯ್ದ ಬಟ್ಟೆಯ ಮೇಲೆ ಟೈಲರಿಗೆ ಎಷ್ಟು ಪ್ರೀತಿ ಉಳಿದಿರುತ್ತದೆ ಎಂಬುದು ಟೈಲರಮ್ಮನಿಗೆ ಗೊತ್ತಿಲ್ಲದ ವಿಷಯವಲ್ಲ. ಆಗುವುದಿಲ್ಲ ಎಂದಳು. ಎಮ್ಮೆಯ ಹಲ್ಲು ಹಿಡಿದು ನೋಡುವವರನ್ನು ಎಷ್ಟೋ ಜನ ಕಂಡಿದ್ದೇನೆ ಎಂದು ಅವನು ನಕ್ಕ.

“ದಾನಕ್ಕೆ ಕೊಟ್ಟ ಎಮ್ಮೆ ಹಲ್ಲು ನೋಡಬಾರದು, ಸರಿ. ಇದು ದುಡ್ಡು ಕೊಟ್ಟ ಎಮ್ಮೆ. ಹಲ್ಲೂ ನೋಡ್ತೀನಿ, ಬಾಲಾನೂ ಎತ್ತಿ ನೋಡ್ತೀನಿ” ಎಂದಳು ಟೈಲರಮ್ಮ.

ಎಲ್ಲ ಗಾಡಿಯೂ ಹೀಗೇ ಬರುವುದು ಎಂದು ಮ್ಯಾನೇಜರು ಸಮಾಧಾನಕ್ಕೆ ಹೇಳಿದ್ದು. ಅವಳು ಅದನ್ನು ಆಹ್ವಾನವೆಂದು ತಿಳಿದು ಹಿಂದಿನ ಅಂಗಳಕ್ಕೆ ನಡೆದು, ಅಲ್ಲಿ ಸಾಲಾಗಿ ನಿಂತಿದ್ದ ಗಾಡಿಗಳಿಗೂ ಟ್ರಯಲ್ ನೋಡತೊಡಗಿದಳು. ತನ್ನ ಗಾಡಿ ಒಯ್ಯಲು ಬಂದು ಕೀಲಿ ಹಿಡಿದು ಅಲ್ಲೇ ಕಾಯುತ್ತಿದ್ದ ಸಿಮೆಂಟ್ ಅಂಗಡಿಯವನೊಬ್ಬ ಇದೇನು ಹುಚ್ಚು ಎಂದು ಮೊದಲು ಮೂಗು ಮುರಿದ. ಆಮೇಲೆ ಕುತೂಹಲಕ್ಕೆ ತನ್ನ ಗಾಡಿಯ ತೊಟ್ಟಿಯೊಳಗೆ ಕೈಯಾಡಿಸಿದ. ತೋಳಿನ ಬಟ್ಟೆ ತಗಡಿಗೆ ಸಿಕ್ಕಿ ಪರ್ರೆಂದಿತು. ಅಲ್ಲಿಗೆ ಅವನ ತಾತ್ಸಾರ ನಿಂತು, ಮ್ಯಾನೇಜರನ್ನು ಕರೆಯುವ ಅವನ ದನಿ ಅಂಗಳದ ಆಚೆ ಕೊನೆಗೂ ಕೇಳಿಸಿತು.

ಅಷ್ಟಕ್ಕೇ ನಿಲ್ಲಿಸಿದ್ದರೆ ಟೈಲರಮ್ಮ ಆಗಲೇ ಗೆದ್ದಿರುತ್ತಿದ್ದಳು. ಆದರೆ ಪ್ರತಿ ಗಾಡಿಯ ಬಾಗಿಲಿನ ತಳದ ಅಂಚಿನಲ್ಲೂ ಅವಳಿಗೆ ಉದ್ದನೆಯ ಒಂದೊಂದು ತೂತು ಕಾಣಿಸಿತು. ಟೈಲರಿನ ಕಣ್ಣಿಗೆ ತೆರೆದುಬಿಟ್ಟ ಹೊಲಿಗೆಗಿಂತ ದೊಡ್ಡ ಪಾಪವಿಲ್ಲ. ಅಂಚು ಮುಚ್ಚುವಷ್ಟೂ ಪುರುಸೊತ್ತಿಲ್ಲವೇ ನಿಮ್ಮವರಿಗೆ ಎಂದು ಒಂದೊಂದಕ್ಕೂ ದಪ್ಪ ಗೀಟು ಎಳೆದಳು. ಮ್ಯಾನೇಜರು ಇದನ್ನೇ ಕಾಯುತ್ತಿದ್ದವನಂತೆ ಎಲ್ಲರನ್ನೂ ಹತ್ತಿರ ಕರೆದ. ಕಿಟಕಿಯಿಂದ ಒಳಗಿಳಿದ ನೀರು ಹೊರಗೆ ಹೋಗಲೆಂದೇ ಬಿಟ್ಟ ದಾರಿ ಅದು, ಮುಚ್ಚಿದರೆ ಬಾಗಿಲು ಒಳಗೊಳಗೇ ತುಕ್ಕು ಹಿಡಿಯುತ್ತದೆ ಎಂದು ವಿವರಿಸಿದ. ಮೊಸರಲ್ಲಿ ಕಲ್ಲು ಹುಡುಕುವವರ ಪಾಡು ಇಷ್ಟೇ ಎಂದು ಸೇರಿಸಿದ. ಅಂಗಳದಲ್ಲಿದ್ದವರೆಲ್ಲ ನಕ್ಕರು. ಸಿಮೆಂಟ್ ಅಂಗಡಿಯವನೂ ಹರಿದ ತೋಳು ಹಿಡಿದುಕೊಂಡೇ ನಕ್ಕ.

ಟೈಲರಮ್ಮನ ಕಿವಿ ಕೆಂಪಾಯಿತು. ಗಂಡನ ಕಡೆ ನೋಡಿದಳು. ಅವನು ನೆಲ ನೋಡುತ್ತಿದ್ದ. ಅವಳು ಬಗ್ಗಿ, ಅಂಗೈಯಿಂದ ಆ ಗೀಟುಗಳನ್ನೆಲ್ಲ ಒಂದೊಂದಾಗಿ ಉಜ್ಜಿ ಎದ್ದಳು. ಅವಳ ದನಿ ಮಾತ್ರ ತಗ್ಗಲಿಲ್ಲ.

“ಇದು ನನ್ನ ತಪ್ಪು, ಅಳಿಸಿದೀನಿ. ಮಿಕ್ಕಿದ್ದೆಲ್ಲ ನಿಮ್ದು. ಅದನ್ನ ನೀವ್ಯಾವಾಗ ಅಳಿಸ್ತೀರಾ?”

ಗಾಡಿ ಯಾರ ಹೆಸರಲ್ಲಿದೆ ಎಂಬುದು ಮ್ಯಾನೇಜರಿಗೆ ಗೊತ್ತಿತ್ತು. ಡ್ರೈವರನ ಹೆಗಲ ಮೇಲೆ ಕೈ ಹಾಕಿ, ಹಳೇ ಸ್ನೇಹಿತನ ಹತ್ತಿರ ಮಾತಾಡುವ ಹಾಗೆ ಹೇಳಿದ.

“ಯಜಮಾನ್ರೇ, ನೀವು ಹೇಳಿ. ನೀವು ಡ್ರೈವರು, ನಿಮಗೆ ಗಾಡಿ ಓಡಿದ್ರೆ ಸಾಕು, ಅಲ್ವಾ? ಇಷ್ಟು ದಿನ ಓಡ್ಸಿದ ಗಾಡಿಗಳಿಗಿಂತ ಇದು ಎಷ್ಟೋ ಮೇಲು ತಾನೆ? ಕೀಲಿ ನಿಮ್ಮ ಕೈಲೇ ಇದೆ. ತಗೊಂಡು ಹೊರಡಿ.”

ಹತ್ತು ಜನರ ಮುಂದೆ ಗಂಡನ ಕೈಯಿಂದ ಕೀಲಿ ಕಿತ್ತುಕೊಳ್ಳುವುದು ಟೈಲರಮ್ಮನಿಂದಾಗದು. ಓಡುತ್ತಲ್ಲ, ಇನ್ನೇನು ಬೇಕು ಎಂದು ಅವನು ಹೇಳಿಬಿಡುತ್ತಾನೆ, ಸೊಟ್ಟ ಬಾಗಿಲನ್ನು ಮೂರು ಸಲ ಬಡಿದುಕೊಂಡು, ಎಲ್ಲರಿಗೂ ನಗುಮುಖ ತೋರಿಸಿಕೊಂಡು ಹೊರಡುತ್ತಾನೆ ಎಂದು ಅವಳಿಗೆ ಖಾತ್ರಿಯಿತ್ತು. ಗಾಡಿ ಹೋದರೆ ಹೋಗಲಿ, ಈ ಬದುಕಿನಲ್ಲಿ ಒಂದು ಸಲವಾದರೂ ಇವನು ಸಾಲದು ಎನ್ನಬಾರದೇ ಎಂದು ಅವಳ ಮನಸ್ಸು ಮೊರೆಯಿಡುತ್ತಿತ್ತು.

ಡ್ರೈವರು ಒಳಗೆ ನಡೆದ. ಸಿಮೆಂಟು ನೆಲ ದಾಟಿ ಹಾಲುಗಲ್ಲಿನ ನೆಲದ ಮೇಲೆ ಕಾಲಿಟ್ಟ. ಎಲ್ಲರೂ ಅವನ ಹಿಂದೆ ಬಂದರು. ದೀಪದ ಕೆಳಗೆ ನಿಂತಿದ್ದ ಕಾರೊಂದರ ಬಾಗಿಲು ತೆರೆದು, ಎರಡೇ ಬೆರಳಿನಿಂದ ತಳ್ಳಿದ. ಟಪ್ ಎಂದು ಮೆತ್ತಗೆ ಕೂತಿತು. ಇನ್ನೊಮ್ಮೆ ತೆರೆದು ತಳ್ಳಿದ. ಮತ್ತೆ ಟಪ್. ಅಲ್ಲಿಂದ ಬಂದು ತನ್ನ ಗಾಡಿಯ ಬಾಗಿಲನ್ನು ಅದೇ ಎರಡು ಬೆರಳಿನಿಂದ ತಳ್ಳಿದ. ಅದು ತಗುಲಿ ವಾಪಸು ಬಂತು.

“ಅದೂ ನಿಮ್ದೇ, ಇದೂ ನಿಮ್ದೇ” ಎಂದ. ಅವನ ದನಿ ಎಷ್ಟು ಸಣ್ಣಗಿತ್ತೆಂದರೆ ಮ್ಯಾನೇಜರು ಬಗ್ಗಿ ಕೇಳಬೇಕಾಯಿತು. “ಅದನ್ನ ತಗೊಂಡೋರು ದಿನಕ್ಕೆ ಒಂದು ಗಂಟೆ ಕೂರ್ತಾರೆ. ನಾನು ಬೆಳಗ್ಗೆ ಹತ್ತಿದ್ರೆ ಕತ್ತಲಾದ್ಮೇಲೆ ಇಳಿಯೋನು. ಅವರಿಗೆ ಅಂಥ ಬಾಗಿಲು, ನನಗೆ ಇಂಥದ್ದು ಯಾಕೆ ಸ್ವಾಮಿ? ಅದನ್ನೊಂದು ಹೇಳಿ, ಈಗಲೇ ತಗೊಂಡು ಹೋಗ್ತೀನಿ.”

ಮ್ಯಾನೇಜರು ಲೋಡ್ ಗಾಡಿ ಎಂದು ಶುರು ಮಾಡಿ ಅಲ್ಲೇ ನಿಲ್ಲಿಸಿದ. ಡ್ರೈವರು ಕೀಲಿಕೈಯನ್ನು ಮೇಜಿನ ಮೇಲಿಟ್ಟು, ಸರಿ ಮಾಡಿ ಹೇಳಿ ಕಳಿಸಿ ಎಂದು ಬಾಗಿಲ ಕಡೆ ಹೊರಟ. ಟೈಲರಮ್ಮ ಚೀಲ ಎತ್ತಿಕೊಂಡು ಹಿಂದೆಯೇ ಓಡಬೇಕಾಯಿತು. ಸಿಮೆಂಟ್ ಅಂಗಡಿಯವನೂ ತನ್ನ ಕೀಲಿಯನ್ನು ಅದರ ಪಕ್ಕದಲ್ಲೇ ಇಟ್ಟ ಸದ್ದು ಅವಳಿಗೆ ಕೇಳಿಸಿತು.

ಗಾಡಿ ಕೊನೆಗೆ ಬಂತೆನ್ನಿ. ಬಾಗಿಲು ಬದಲಾಗಿ, ತಗಡಿನ ಅಂಚು ಉಜ್ಜಿಸಿಕೊಂಡು, ಸತಾಯಿಸಿ ಸತಾಯಿಸಿ ಬಂತು. ಸೀಟಿನ ಹೊಲಿಗೆಯನ್ನು ಮಾತ್ರ ಅವಳು ಯಾರನ್ನೂ ನಂಬದೆ ತಾನೇ ಬಿಚ್ಚಿ ಹೊಲಿದಳು. ಆದರೆ ಬೀದಿಯವರು ಕೇಳಿದಾಗ ಅವಳು ಹೇಳುವುದು ಗಾಡಿ ಬಂದ ದಿನದ ಕತೆಯಲ್ಲ, ಬರದೇ ಹೋದ ದಿನದ್ದು.

ಆ ದಿನ ಇಬ್ಬರೂ ಬಸ್ಸಿನಲ್ಲಿ ಮನೆಗೆ ಹೊರಟರು. ಬೇಜಾರಾಯಿತೇ ಎಂದು ಕೇಳಿದಳು. ಆಯಿತು, ಇವತ್ತು ಅದನ್ನು ಓಡಿಸಿಕೊಂಡು ಬೀದಿಗೆ ಬರುತ್ತೇನೆ ಅಂದುಕೊಂಡಿದ್ದೆ ಎಂದ. ಅವಳಿಗೆ ಒಂದು ಕಡೆ ಅಯ್ಯೋ ಎನ್ನಿಸಿತು, ಇನ್ನೊಂದು ಕಡೆ ಬಸ್ಸಿನವರಿಗೆಲ್ಲ ಕೂಗಿ ಹೇಳುವಷ್ಟು ಹೆಮ್ಮೆ. ಇಳಿಯುವ ಸ್ಟಾಪು ಬರುವ ಮುಂಚೆ ಅವನೇ ಬಾಯಿ ಬಿಟ್ಟ.

“ನಾಳೆ ಮತ್ತೆ ಹೋಗೋಣ. ನೀನು ಸುಮ್ನೆ ಕೂತ್ಕೋ. ಮಾತೆಲ್ಲ ನಾನಾಡ್ತೀನಿ.”

ಸುಮ್ಮನೆ ಕೂರುವುದು ತನ್ನ ಕೈಲಾಗದ ಕೆಲಸ ಎಂದು ಟೈಲರಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಹೂಂ ಎಂದಳು.