ದಾದಾಪೀರ್ ಸಾಹೇಬರ ಭಾನುವಾರಗಳು

ದಾದಾಪೀರ್ ಸಾಹೇಬರು ಗಿಟಾರನ್ನು ಹಲ್ಲಿನಿಂದ ಕಚ್ಚಿ ಶ್ರುತಿ ಮಾಡುತ್ತಿದ್ದರು. ಬಿರಡೆಗಳಿರುವ ತುದಿಯನ್ನು ಮುಂಬಲ್ಲುಗಳ ನಡುವೆ ಹಿಡಿದು, ಕಣ್ಣು ಮುಚ್ಚಿ, ತಂತಿ ಮೀಟುತ್ತ ಒಂದೊಂದೇ ಬಿರಡೆ ತಿರುವುತ್ತಿದ್ದರು. ಮೊದಲ ಸಲ ನೋಡಿದಾಗ ನನಗೆ ಅದು ಜನರನ್ನು ಬೆರಗುಗೊಳಿಸಲು ಹೂಡಿದ ಆಟದಂತೆ ಕಂಡಿತು. ಮೈಸೂರಿನಲ್ಲಿ ತತ್ತ್ವಶಾಸ್ತ್ರ ಓದಿ ಆಗಷ್ಟೇ ದಾವಣಗೆರೆಗೆ ಕಾಲೇಜು ಮೇಷ್ಟ್ರಾಗಿ ಬಂದಿದ್ದೆ. ಪರೀಕ್ಷಿಸದೆ ಏನನ್ನೂ ನಂಬಬಾರದು ಎಂಬುದೊಂದನ್ನು ಮಾತ್ರ ಚೆನ್ನಾಗಿ ಕಲಿತಿದ್ದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಮಂಡಿಪೇಟೆಯಲ್ಲಿ ಮುರಿಗೆಪ್ಪನವರ ಬಟ್ಟೆ ಅಂಗಡಿಯ ಅಟ್ಟದ ಮೇಲೆ ಭಾನುವಾರ ಮಧ್ಯಾಹ್ನ ನಾವು ಮೂವರು ಸೇರುತ್ತಿದ್ದೆವು. ಮೂವರಿಗೂ ತೊಡೆಯ ಮೇಲೆ ಮಲಗಿಸಿಕೊಂಡು, ಉಕ್ಕಿನ ಕಂಬಿಯನ್ನು ತಂತಿಗಳ ಮೇಲೆ ಮನೆಯಿಂದ ಮನೆಗೆ, ಅಂದರೆ ಒಂದು ಸ್ವರದ ಗೆರೆಯಿಂದ ಇನ್ನೊಂದಕ್ಕೆ, ಜಾರಿಸಿ ನುಡಿಸುವ ಗಿಟಾರಿನ ಹುಚ್ಚು. ಆ ವಾರ ರೇಡಿಯೋದಲ್ಲಿ ಕೇಳಿ ಮನಸ್ಸಿನಲ್ಲಿ ಕೂತ ಹಾಡನ್ನು ಒಬ್ಬೊಬ್ಬರೂ ನುಡಿಸಬೇಕು, ಉಳಿದವರು ಚೆನ್ನಾಗಿದೆಯೋ ಇಲ್ಲವೋ ಹೇಳಬೇಕು. ಇಷ್ಟೇ ನಮ್ಮ ಕಟ್ಟಳೆ.

ಸಾಹೇಬರು ಹರಿಹರದಿಂದ ರೈಲಿನಲ್ಲಿ ಬರುತ್ತಿದ್ದರು. ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಮಗ್ಗದ ಖಾತೆಯಲ್ಲಿ ನೇಯುವ ಕೆಲಸ, ನಲವತ್ತೈದರ ಆಸುಪಾಸಿನ ವಯಸ್ಸು. ಬಂದವರೇ ನಮ್ಮನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕೂಡಿಸುತ್ತಿದ್ದರು. "ಹಿಂಗ ಕೂಡ್ರಿ ಮೇಷ್ಟ್ರೇ, ಮುಖ ಕಾಣ್ಲಿ." ನುಡಿಸುವಾಗ ಕಣ್ಣು ಮಿಟುಕಿಸದೆ ನಮ್ಮ ಕೈ ನೋಡುತ್ತಿದ್ದರು. ಮುಗಿದ ಮೇಲೆ ಅವರ ತೀರ್ಪು ಚೂಪಾಗಿರುತ್ತಿತ್ತು. "ಪದ ಚಲೋ ಐತೆ. ಆದ್ರ ಐದನೇ ಮನೀಗೆ ಹೋಗಾಕ ನಿಮ್ಗ ಯಾಕ ಅವಸರ? ಅಲ್ಲೇನು ಊಟಕ್ಕ ಕರ್ದಾರೇನು?"

ನನ್ನ ಗುಮಾನಿ ಶುರುವಾದದ್ದು ಅವರದೇ ಸರದಿಯಿಂದ. ನಾವು ಹೊಸ ಹಾಡು ತಂದರೆ ಅವರು ತರುತ್ತಿದ್ದುದೆಲ್ಲ ಹತ್ತು ವರ್ಷ ಹಿಂದಿನದು. "ಈ ವಾರ ಕೇಳಿದ್ದು ನುಡಿಸಬೇಕಲ್ವಾ ಸಾಹೇಬರೇ?" ಎಂದರೆ, "ಈ ವಾರೆಲ್ಲ ಇದ ತಲ್ಯಾಗ ಓಡ್ತತೆ, ಏನ್ಮಾಡ್ಲಿ?" ಎನ್ನುತ್ತಿದ್ದರು. ಹರಿಹರದ ಯಾವುದೋ ಮದುವೆ ಬ್ಯಾಂಡಿಗೆ ನಮ್ಮ ಹಾಡುಗಳನ್ನು ಕದ್ದೊಯ್ಯುತ್ತಾರೆಂದೇ ನಾನು ತೀರ್ಮಾನಿಸಿದ್ದೆ. ಇಲ್ಲದಿದ್ದರೆ ಹಾಗೆ ಕೈ ನೋಡುವುದೇಕೆ?

ಒಂದು ಭಾನುವಾರ ಮುರಿಗೆಪ್ಪನವರು ರೇಡಿಯೋದ ಗುಂಡಿ ತಿರುಗಿಸುವಾಗ ಅದು ಕರ್ಕಶವಾಗಿ ಕಿರುಚಿತು. ನಾವಿಬ್ಬರೂ ಕಿವಿ ಮುಚ್ಚಿಕೊಂಡೆವು. ಅದಕ್ಕೆ ಬೆನ್ನು ಹಾಕಿ ಕೂತಿದ್ದ ಸಾಹೇಬರು ನೆಮ್ಮದಿಯಾಗಿ ಎಲೆಗೆ ಸುಣ್ಣ ಸವರುತ್ತಿದ್ದರು.

ಅವರು ಹೋದ ಮೇಲೆ ಆ ಮಾತು ಎತ್ತಿದೆ. ಮುರಿಗೆಪ್ಪನವರು ನಕ್ಕರು. "ಮಗ್ಗದ ಖಾತ್ಯಾಗ ದುಡಿಯೋರಿಗೆ ಕಿವಿ ಮಂದ ಆಗ್ತತ್ರಿ. ಆ ಸದ್ದಿನಾಗ ಅವ್ರು ತುಟಿ ನೋಡೇ ಮಾತಾಡೋದು. ಬಿಡ್ರಿ, ಅದರಾಗ ನಿಮಗೇನು?"

ನಾನು ಬಿಡಲಿಲ್ಲ. ಮುಂದಿನ ವಾರ ನನ್ನ ಸರದಿ ಬಂದಾಗ ಕಂಬಿಯನ್ನು ತಂತಿಗಳ ಮೇಲೆ ಓಡಿಸಿದೆ. ಬಲಗೈ ಬೆರಳುಗಳನ್ನು ಮಾತ್ರ ತಂತಿಗೆ ತಾಗಿಸದೆ ಗಾಳಿಯಲ್ಲೇ ಆಡಿಸಿದೆ. ಅಟ್ಟದ ಮೇಲೆ ಸದ್ದೇ ಇಲ್ಲ. ಸಾಹೇಬರು ಎಂದಿನಂತೆ ನೋಡಿದರು, ತಲೆದೂಗಿದರು.

"ಭೇಷ್! ಎರಡನೇ ಸಾಲಿನಾಗ ಮಾತ್ರ ಕೈ ಒಂದು ಮನಿ ಮ್ಯಾಲೆ ಹೋತು ನೋಡ್ರಿ."

ನಾನು ಗಟ್ಟಿಯಾಗಿ ನಕ್ಕೆ. ಮುರಿಗೆಪ್ಪನವರೂ ನಕ್ಕರೆಂದು ನನ್ನ ನೆನಪು. ಅವರು ಇಲ್ಲವೆನ್ನುತ್ತಾರೆ. ಅಲ್ಲದೆ ನನ್ನ ಕಿರುಬೆರಳು ತಂತಿಗೆ ತಾಗಿ ಸಣ್ಣ ಸದ್ದು ಬಂದಿತ್ತೆಂದೂ ಹೇಳುತ್ತಾರೆ. ನನ್ನ ತಪ್ಪನ್ನು ಹಗುರಮಾಡಲು ಹಾಗೆನ್ನುತ್ತಿರಬಹುದು. ಆದರೆ ಸಾಹೇಬರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ ಕೇಳಿದ್ದರಲ್ಲಿ ನನಗೆ ಸಂಶಯವಿಲ್ಲ.

"ಸಪ್ಪಳ ಬರ್ಲಿಲ್ಲೇನ್ರಿ?"

ಆಗ ನನಗೆ ಹೊಳೆಯಿತು: ಸುಮ್ಮನೆ ಕಂಬಿ ಓಡಿಸಿದೆನೆಂದು ನಾನು ತಿಳಿದಿದ್ದೆ, ಕೈ ಮಾತ್ರ ರೂಢಿಯಿಂದ ಹಿಂದಿನ ತಿಂಗಳ ಹಾಡನ್ನೇ ಹಿಡಿದಿತ್ತು. ಆ ಹಾಡಿನ ಎರಡನೇ ಸಾಲಿನಲ್ಲಿ ನಾನು ಯಾವಾಗಲೂ ತಪ್ಪುತ್ತಿದ್ದೆ. ಕಿವಿಯಿದ್ದ ಮುರಿಗೆಪ್ಪನವರಿಗಾಗಲಿ ನನಗಾಗಲಿ ಆವರೆಗೆ ಅದು ಗೊತ್ತಾಗಿರಲಿಲ್ಲ.

"ಏಳೆಂಟು ವರ್ಷಾತು, ಕಿವಿ ಪೂರಾ ಹೋಗಿ," ಎಂದರು ಸಾಹೇಬರು. "ನನ್ನ ತಂತಿ ನಡುಗೋದು ಹಲ್ಲಿಗೆ ತಿಳೀತತೆ. ರೇಡಿಯೋ ಇಟ್ಕಂಡು ನಾನೇನ್ ಮಾಡ್ಲಿ? ಅದಕ್ಕ ಕೈ ಇಲ್ಲ. ಹೊಸ ಪದ ನನಗ ಸಿಗ್ತಿದ್ದಿದ್ದು ಇಲ್ಲೊಂದ ಕಡೆ."

"ಮೊದಲೇ ಹೇಳಬಾರದಿತ್ತಾ?" ಎಂದೆ. ತಪ್ಪು ಅವರದೇ ಎನ್ನುವಂತೆ.

"ಹೇಳಿದ್ರ ನುಡಿಸ್ತಿದ್ರೇನ್ರಿ? ಕಿವುಡನ ಮುಂದ ಕಿನ್ನರಿ ಅಂತ ಗಾದೆನ ಐತಲ್ಲ."

ಮುರಿಗೆಪ್ಪನವರು ಅವರ ಎರಡೂ ಕೈ ಹಿಡಿದು, ತುಟಿ ದೊಡ್ಡದಾಗಿ ಆಡಿಸುತ್ತ, "ಬರೋದು ಬಿಡಬ್ಯಾಡ್ರಿ ಸಾಹೇಬ್ರ, ನಿಮಗೋಸ್ಕರ ನುಡಿಸ್ತೀವಿ" ಎಂದರು.

ಮಾತಿಗೆ ಕಟ್ಟುಬಿದ್ದು ಸಾಹೇಬರು ಮುಂದಿನ ಭಾನುವಾರ ಬಂದರು. ಮುರಿಗೆಪ್ಪನವರು ಅವರಿಗೆ ಕಾಣಲೆಂದು ಕಂಬಿಯನ್ನು ನಿಧಾನವಾಗಿ, ಮಗುವಿಗೆ ಅಕ್ಷರ ತೀಡಿಸುವಂತೆ ಎಳೆದರು. ನಾನಂತೂ ಮನೆಮನೆಗೂ ನಿಂತು, ತಿಳಿಯಿತೇ ಎಂದು ಅವರತ್ತ ನೋಡಿ ಮುಂದೆ ಹೋಗುತ್ತಿದ್ದೆ. ಹಾಡು ಚೂರುಚೂರಾಗಿ ಬೀಳುತ್ತಿತ್ತು. ಅವರು ಅರ್ಧಕ್ಕೇ ಕೈ ಎತ್ತಿದರು.

"ಸಾಕ್ರಿ ಮೇಷ್ಟ್ರೇ. ನನ್ನ ಮುಖ ನೋಡ್ಕೋತ ನುಡಿಸಿದ್ರ ಪದ ಕೆಡ್ತತೆ. ಮೊದ್ಲು ನೀವು ನಿಮ್ ಪಾಡಿಗೆ ನುಡಿಸ್ತಿದ್ರಿ, ನಾನು ಕೇಳ್ತಿದ್ದೆ. ಈಗ ನನಗ ತೋರಿಸ್ತೀರಿ. ತೋರಿಸೋದ್ರಾಗ ಏನೂ ಕೇಳಂಗಿಲ್ರಿ."

ಸಿಟ್ಟಿನಿಂದ ಹೇಳಿದ್ದಲ್ಲ. ಇಷ್ಟು ಒಪ್ಪವಾಗಿ ಹೇಳಿದರೋ, ಇಷ್ಟು ವರ್ಷಗಳಲ್ಲಿ ನಾನೇ ತಿದ್ದಿ ಜೋಡಿಸಿಕೊಂಡೆನೋ, ಆಣೆಯಿಟ್ಟು ಹೇಳಲಾರೆ. ಗಿಟಾರಿಗೆ ಬಟ್ಟೆ ಸುತ್ತಿಕೊಂಡು ಮೆಟ್ಟಿಲಿಳಿದರು. ಮತ್ತೆ ಬರಲಿಲ್ಲ. ಗಿರಣಿ ಬಿಡುವ ಹೊತ್ತಿಗೆ ಹೋಗಿ ಗೇಟಿನಲ್ಲಿ ನಿಂತರೆ ಅವರು ಸಿಗುತ್ತಿದ್ದರು. ನಾನು ಹೋಗಲಿಲ್ಲ.

ನಾವಿಬ್ಬರು ಇನ್ನೂ ಕೆಲವು ಭಾನುವಾರ ಸೇರಿದೆವು. ನಾನು ನುಡಿಸಿದರೆ ಮುರಿಗೆಪ್ಪನವರು ಚೆನ್ನಾಗಿದೆ ಎನ್ನುತ್ತಿದ್ದರು. ಅವರು ನುಡಿಸಿದರೆ ನಾನೂ ಹಾಗೇ ಎನ್ನುತ್ತಿದ್ದೆ. ಎರಡನೇ ಸಾಲಿನಲ್ಲಿ ಕೈ ಎಲ್ಲಿಗೆ ಹೋಯಿತೆಂದು ನಮ್ಮಿಬ್ಬರಿಗೂ ತಿಳಿಯುತ್ತಿರಲಿಲ್ಲ.