ಶಾರದಮ್ಮನವರ ಮುಖ, ನನ್ನ ಧ್ವನಿ

ಕೊರೋನಾ ಗಲಾಟೆ ಮುಗಿದು ಎರಡು ವರ್ಷವಾಗಿತ್ತು. ಆಗ ನಾನು ಚಾಮರಾಜಪೇಟೆಯ ನಮ್ಮ ಭಜನಾ ಮಂಡಳಿಯಲ್ಲಿ ಯಾತ್ರೆಯ ಕೆಲಸ ನೋಡಿಕೊಳ್ಳುತ್ತಿದ್ದೆ. ಇದನ್ನು ಉದ್ಯೋಗ ಎಂದರೆ ನಮ್ಮ ಮನೆಯವರು ನಗುತ್ತಾರೆ. ಸಂಬಳವಿಲ್ಲ, ಕುರ್ಚಿಯಿಲ್ಲ. ಆದರೆ ಒಲೆಯ ಮುಂದಿನ ಕೆಲಸ ಬಿಟ್ಟರೆ ಹದಿನಾರು ವರ್ಷ ಒಂದೇ ಸಮನೆ ನಾನು ಮಾಡಿದ್ದು ಇದೊಂದೇ. ಹನ್ನೆರಡು ಜನ ಹೆಂಗಸರಿಗೆ ದರ್ಶನದ ಟಿಕೆಟ್, ರೈಲು, ಛತ್ರದ ಕೋಣೆ ಎಲ್ಲ ಗೊತ್ತುಮಾಡುವುದು. ಒಬ್ಬರೂ ದಾರಿ ತಪ್ಪಲಿಲ್ಲ, ಒಬ್ಬರಿಗೂ ದರ್ಶನ ತಪ್ಪಲಿಲ್ಲ. ಅದು ದೇವರ ದಯೆ.

ಈ ಕೆಲಸಕ್ಕೊಂದು ಕ್ರಮ ಬೆಳೆದಿತ್ತು. ಈಗ ಎಲ್ಲ ಕಡೆ ಆಧಾರ್ ಕೇಳುತ್ತಾರಲ್ಲ, ಹಾಗಾಗಿ ಎಲ್ಲರ ಆಧಾರ್, ಪ್ಯಾನ್ ಕಾರ್ಡು, ಪಾಸ್‌ಪುಸ್ತಕಗಳ ಜೆರಾಕ್ಸ್ ಒಂದು ಫೈಲಿನಲ್ಲಿ ನಮ್ಮ ಮನೆಯಲ್ಲೇ ಇರುತ್ತಿತ್ತು. ಟಿಕೆಟ್ ಮಾಡುವಾಗ ಅವರವರ ಫೋನಿಗೆ ಒಟಿಪಿ ಬರುತ್ತದೆ, ಇದು ನೀನೇ ತಾನೇ ಎಂದು ಖಾತ್ರಿ ಮಾಡಿಕೊಳ್ಳುವ ಆರು ಅಂಕಿ. ನಾನು ಫೋನ್ ಮಾಡಿ ಕೇಳುವಷ್ಟರಲ್ಲಿ ಆ ಕಡೆಯಿಂದಲೇ, “ಪದ್ಮಕ್ಕ, ಬಂತು ನೋಡಿ, ಬರ್ಕೊಳ್ಳಿ” ಎಂದು ಓದಿಬಿಡುತ್ತಿದ್ದರು. ಏತಕ್ಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಮತ್ತಿಕೆರೆಯಲ್ಲಿರುವ ನನ್ನ ಮೈದುನ ಶ್ರೀಧರ ಖಾಸಗಿ ಕಂಪನಿಯೊಂದರಲ್ಲಿ ಲೆಕ್ಕದ ವಿಭಾಗದಲ್ಲಿದ್ದಾನೆ. ದರ್ಶನದ ಟಿಕೆಟ್ ಆನ್‌ಲೈನಿನಲ್ಲಿ ಬಿಟ್ಟ ಹತ್ತು ನಿಮಿಷದಲ್ಲಿ ಖಾಲಿ. ನನ್ನ ಕೈಯ ವೇಗ ಸಾಲದಾದಾಗಲೆಲ್ಲ ಅವನು ಲ್ಯಾಪ್‌ಟಾಪ್ ತೆಗೆದುಕೊಂಡು ಕೂತು ಮಾಡಿಕೊಟ್ಟಿದ್ದ. ಜ್ಯೇಷ್ಠ ಮಾಸದ ಒಂದು ಭಾನುವಾರ ಊಟ ಮುಗಿಸಿ ಹೇಳಿದ:

“ಅತ್ತಿಗೆ, ಒಂದು ಸಣ್ಣ ಉಪಕಾರ ಆಗ್ಬೇಕು.”

“ಉಪ್ಪಿನಕಾಯಿ ತಾನೇ? ಆಗ್ಲೇ ಡಬ್ಬಿಗೆ ಹಾಕಿಟ್ಟಿದೀನಿ.”

“ಅದೂ ಬೇಕು. ಇದು ಬೇರೆ.”

ಅವನು ಕ್ರಿಪ್ಟೋ ವ್ಯಾಪಾರ ಮಾಡುತ್ತಿದ್ದ. ನನಗೆ ತಿಳಿದಷ್ಟು ಹೇಳುತ್ತೇನೆ. ಅದು ಕೈಯಲ್ಲಿ ಹಿಡಿಯಲಾಗದ, ಕಂಪ್ಯೂಟರಿನೊಳಗೇ ಇರುವ ನಾಣ್ಯ. ಅದನ್ನು ಕೊಂಡು ಮಾರುವ ಸಂತೆಗೆ ಎಕ್ಸ್‌ಚೇಂಜ್ ಎನ್ನುತ್ತಾರೆ. ಸಂತೆಯೊಳಗೆ ಹೋಗಬೇಕಾದರೆ ಕೆವೈಸಿ ಆಗಬೇಕು, ಅಂದರೆ ಆಧಾರ್, ಪ್ಯಾನ್ ಕೊಟ್ಟು, ಮುಖ ತೋರಿಸಿ, ನಾನು ಇಂಥವಳು ಎಂದು ರುಜುವಾತು ಮಾಡಬೇಕು.

“ಒಳಗೆ ಯಾರ ಹೆಸರೂ ಇರಲ್ಲ ಅತ್ತಿಗೆ, ಬರೀ ನಂಬರು. ಅದೇ ಅದರ ಸೊಗಸು.”

“ಹೆಸರೇ ಇರಲ್ಲ ಅಂದ್ಮೇಲೆ ಆಧಾರ್ ಯಾಕಪ್ಪ ಕೇಳ್ತಾರೆ?”

“ಬಾಗಿಲಲ್ಲಿ ಮಾತ್ರ ಕೇಳ್ತಾರೆ.”

“ನಿನ್ನ ಹೆಸರು ಹೇಳ್ಕೊಂಡೇ ಹೋಗು ಮತ್ತೆ.”

ಅವನು ಅಣ್ಣನ ಕೋಣೆಯ ಕಡೆ ನೋಡಿ ದನಿ ತಗ್ಗಿಸಿದ. “ಆಫೀಸಲ್ಲಿ ಗೊತ್ತಾಗ್ಬಾರ್ದು. ಟ್ಯಾಕ್ಸ್‌ನವರಿಗೂ ಬೇಡ. ನಿಮ್ಮ ಹೆಸರಲ್ಲಿ ಮಾಡಿದ್ರೆ ಅಣ್ಣ ರಿಟರ್ನ್ಸ್ ಹಾಕುವಾಗ ಕಂಡುಬಿಡುತ್ತೆ. ನಿಮ್ಮ ಮಂಡಳಿಯಲ್ಲಿ ವಯಸ್ಸಾದವರು ಯಾರಾದ್ರೂ ಇದ್ರೆ ಸಾಕು. ಅವರ ಗಂಟೇನೂ ಹೋಗಲ್ಲ.”

ಅಲ್ಲೇ ಬೇಡವೆನ್ನಬೇಕಿತ್ತು. ಅವನು ಮಾಡಿಕೊಟ್ಟ ಟಿಕೆಟ್‌ಗಳ ಋಣ ಬಾಯಿ ಕಟ್ಟಿತು.

ಹಿಂದಿನ ರಸ್ತೆಯ ಶಾರದಮ್ಮನವರಿಗೆ ಆಗ ಎಪ್ಪತ್ತೊಂದು. ಗಂಡ ತೀರಿಕೊಂಡ ಮೇಲೆ ಬರುವ ಪಿಂಚಣಿಯಲ್ಲಿ ಒಂದು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದರು. ಶ್ರೀಧರ ತಯಾರು ಮಾಡಿಕೊಟ್ಟ ಫೋನ್ ಹಿಡಿದು ನಾನು ಹೋದಾಗ ಪೂಜೆ ಮುಗಿಸಿ ಎದ್ದಿದ್ದರು. ಮುಖದ ವಿಡಿಯೋ ಬೇಕು ಎಂದೆ.

“ದರ್ಶನಕ್ಕಾ?” ಎಂದು ಕೇಳಿದರು.

“ಹೂಂ” ಎಂದೆ.

ಒಂದೇ ಅಕ್ಷರದ ಸುಳ್ಳು. ಅವರು ಒಳಗೆ ಹೋಗಿ ತಲೆ ಬಾಚಿಕೊಂಡು, ಸೆರಗು ಸರಿಮಾಡಿಕೊಂಡು ಬಂದು ಕಿಟಕಿಯ ಬೆಳಕಿಗೆ ಕೂತರು. “ಎಡಕ್ಕೆ ತಿರುಗಿ ಶಾರದಮ್ಮ. ಈಗ ಬಲಕ್ಕೆ. ಕಣ್ಣು ಮಿಟುಕಿಸಿ” ಎಂದು ನಾನು ಹೇಳುತ್ತಾ ಹೋದೆ. “ಈ ವಯಸ್ಸಲ್ಲಿ ಹುಡುಗಿ ತೋರಿಸೋ ಶಾಸ್ತ್ರ ಮಾಡಿಸ್ತಿದೀರಲ್ಲ” ಎಂದು ನಕ್ಕರು. ಖಾತೆ ತೆರೆಯಿತು. ಫೈಲಿನಲ್ಲಿದ್ದ ಪಾಸ್‌ಪುಸ್ತಕ ನೋಡಿ ಅದಕ್ಕೆ ಅವರ ಪಿಂಚಣಿಯ ಬ್ಯಾಂಕ್ ಖಾತೆಯನ್ನೇ ಶ್ರೀಧರ ಜೋಡಿಸಿದ. ನನ್ನ ಪಾಲಿಗೆ ವಿಷಯ ಅಲ್ಲಿಗೆ ಮುಗಿದಿತ್ತು.

ಕಾರ್ತೀಕದ ಮೊದಲ ವಾರ ಶಾರದಮ್ಮ ಬೆಳಿಗ್ಗೆಯೇ ಬಂದರು. ಔಷಧಿಗೆಂದು ಪಿಂಚಣಿ ತೆಗೆಯಲು ಹೋದರೆ ಬ್ಯಾಂಕಿನಲ್ಲಿ ಕೊಡಲಿಲ್ಲವಂತೆ. ನಾನೂ ಜೊತೆಗೆ ಹೋದೆ. ಮ್ಯಾನೇಜರ್ ಎಳೆಯ ಹೆಂಗಸು, ಮರ್ಯಾದೆಯಿಂದಲೇ ಕೂರಿಸಿ ಹೇಳಿದಳು: “ಅಜ್ಜಿ, ಬೇರೆ ರಾಜ್ಯದ ಸೈಬರ್ ಪೊಲೀಸರು ನಿಮ್ಮ ಖಾತೆಗೆ ತಡೆ ಹಾಕಿಸಿದಾರೆ.”

“ನಾನು ಆ ಕಡೆಗೆ ಹೋಗೇ ಇಲ್ಲಮ್ಮ. ಹೋಗಿದ್ರೆ ಪದ್ಮಕ್ಕನೇ ಟಿಕೆಟ್ ಮಾಡಿರೋರು.”

“ನೀವು ಕ್ರಿಪ್ಟೋ ಮಾರ್ತೀರಾ ಅಜ್ಜಿ?”

“ಹಾಗಂದ್ರೆ ಏನು?”

ಆಕೆ ಪಾಸ್‌ಪುಸ್ತಕ ಮುದ್ರಿಸಿ ಮುಂದಿಟ್ಟಳು. ಹಾಳೆ ತುಂಬ ಊರು ಕೇರಿ ಗೊತ್ತಿಲ್ಲದ ಹೆಸರುಗಳು. ಹಣ ಬಂದಿದೆ, ಅಂದೇ ಹೋಗಿದೆ. ಇದಕ್ಕೆ ಪಿಟುಪಿ ಎನ್ನುತ್ತಾರಂತೆ, ಒಬ್ಬರಿಂದ ಒಬ್ಬರಿಗೆ ನೇರ ಮಾರಾಟ. ನಾಣ್ಯ ಕೊಳ್ಳುವವನು ಮಾರುವವನ ಬ್ಯಾಂಕ್ ಖಾತೆಗೆ ಹಣ ಹಾಕುತ್ತಾನೆ. ಆ ಹಣ ಅವನದೋ, ಯಾರಿಗೋ ಟೋಪಿ ಹಾಕಿ ತಂದದ್ದೋ, ಮಾರುವವನಿಗೆ ಗೊತ್ತಾಗುವುದಿಲ್ಲ. ಹಾಗೆ ಯಾರೋ ಮೋಸ ಹೋದವರ ಹಣ ಶಾರದಮ್ಮನವರ ಖಾತೆ ಹಾದುಹೋಗಿತ್ತು. ಶುಕ್ರವಾರ ಇಲ್ಲಿಯ ಸೈಬರ್ ಠಾಣೆಗೆ ಬಂದು ಹೇಳಿಕೆ ಕೊಡಬೇಕು, ಸಮಾಧಾನವಾಗದಿದ್ದರೆ ಆ ರಾಜ್ಯಕ್ಕೇ ಹೋಗಬೇಕಾದೀತು ಎಂದಳು ಮ್ಯಾನೇಜರ್.

ದಾರಿಯಲ್ಲಿ ಕೇಳಿದೆ. “ನಿಮಗೆ ಒಟಿಪಿ ಬರ್ತಿತ್ತಾ ಶಾರದಮ್ಮ?”

“ಬರ್ತಿತ್ತಲ್ಲ. ನಿಮ್ಮ ಮೈದುನ ಫೋನ್ ಮಾಡೋರು. ಪದ್ಮಕ್ಕನ ಮನೆಯಿಂದ ಅಂದ್ರೆ ಓದ್ತಿದ್ದೆ.”

ಇಷ್ಟು ವರ್ಷ ಆ ಅಭ್ಯಾಸ ಹಾಕಿಸಿದವಳು ನಾನು. ಶ್ರೀಧರ ಅದನ್ನು ಬಳಸಿಕೊಂಡಿದ್ದ, ಅಷ್ಟೇ.

ಅವನು ಅದೇ ದಿನ ಓಡಿಬಂದ. ಈ ಸಲ ನಮ್ಮ ಮನೆಯವರಿಗೂ ಎಲ್ಲ ತಿಳಿಯಿತು.

“ಕದ್ದವನು ನಾನಲ್ಲ ಅತ್ತಿಗೆ. ನನ್ನಿಂದ ನಾಣ್ಯ ಕೊಂಡವನು ಕಳ್ಳ. ನಾನು ಹೆಸರು ಹೇಳಿದ್ರೆ ಕೆಲಸ ಹೋಗುತ್ತೆ.”

“ಶಾರದಮ್ಮನ ಹೆಸರು ಆಗ್ಲೇ ಅಲ್ಲಿದೆಯಲ್ಲೋ.”

“ಎಪ್ಪತ್ತು ದಾಟಿದವರನ್ನ ಯಾರು ಏನ್ ಮಾಡ್ತಾರೆ? ಗೊತ್ತಿಲ್ಲ ಅಂದ್ರೆ ಬಿಟ್ಟುಬಿಡ್ತಾರೆ. ನನ್ನ ಹೆಸರು ಎಲ್ಲೂ ಇಲ್ಲ. ನಿಮ್ಮದೂ ಇಲ್ಲ.”

ನಮ್ಮ ಮನೆಯವರು ಕನ್ನಡಕ ತೆಗೆದಿಟ್ಟು ನನಗೆ ಒಂದೇ ಮಾತು ಹೇಳಿದರು: “ನೀನು ಸುಮ್ನಿರು.”

ಮುಂದಿನ ಮೂರು ದಿನ ದೇವರ ಮುಂದೆ ಕೂತರೆ ಏನು ಬೇಡಿಕೊಳ್ಳಬೇಕೆಂದೇ ತೋಚಲಿಲ್ಲ. ಶಾರದಮ್ಮನಿಗೆ ಒಳ್ಳೆಯದಾಗಲಿ ಎಂದರೆ ಮೈದುನನಿಗೆ ಕೆಟ್ಟದಾಗಲಿ ಎಂದಂತೆ. ದೀಪ ಹಚ್ಚಿ, ಕೈಮುಗಿದು, ಏನೂ ಕೇಳದೆ ಎದ್ದು ಬರುತ್ತಿದ್ದೆ.

ಶುಕ್ರವಾರ ಹನ್ನೊಂದು ಗಂಟೆಗೆ ನಾನೇ ಶಾರದಮ್ಮನವರನ್ನು ಆಟೋದಲ್ಲಿ ಕರೆದುಕೊಂಡು ಹೋದೆ. ಒಬ್ಬ ಮಹಿಳಾ ಸಬ್ ಇನ್ಸ್‌ಪೆಕ್ಟರ್ ಇದ್ದರು. ಎಕ್ಸ್‌ಚೇಂಜಿನವರಿಂದ ಕೆವೈಸಿ ಕಾಗದಗಳು ಬಂದಿದ್ದವು. ಆಧಾರ್ ಅವರದು, ಪ್ಯಾನ್ ಅವರದು, ಫೋನ್ ನಂಬರ್ ಅವರದು. ಆಮೇಲೆ ಕಂಪ್ಯೂಟರಿನ ಪರದೆಯನ್ನು ನಮ್ಮ ಕಡೆ ತಿರುಗಿಸಿದರು.

ಶಾರದಮ್ಮ ಕಿಟಕಿಯ ಬೆಳಕಿನಲ್ಲಿ ಕೂತಿದ್ದರು. ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು, ಕಣ್ಣು ಮಿಟುಕಿಸಿದರು. ಅವರು ತಿರುಗುವ ಮುಂಚೆ ಪ್ರತಿ ಸಲವೂ ಒಂದು ಧ್ವನಿ ಕೇಳಿಸಿತು. ವಿಡಿಯೋಗೆ ಧ್ವನಿಯೂ ಸೇರಿರುತ್ತದೆಂದು ನನಗೆ ತಿಳಿದಿರಲೇ ಇಲ್ಲ.

“ಇದು ನೀವೇ ತಾನೇ ಅಮ್ಮ?”

“ಹೌದು. ನಾನೇ.”

“ಮಾತಾಡ್ತಿರೋದು ಯಾರು?”

ಶಾರದಮ್ಮ ನನ್ನ ಕಡೆ ತಿರುಗಲಿಲ್ಲ. ಮೇಜಿನ ಮೇಲಿನ ಕಾಗದಗಳನ್ನೇ ನೋಡುತ್ತಾ ಕೂತರು. ಅಧಿಕಾರಿ ಎರಡನೆಯ ಸಲ ಕೇಳಿದರು. ಆಗಲೂ ಅವರು ಬಾಯಿ ಬಿಡಲಿಲ್ಲ.

“ನೀವು ಹೇಳಲಿಲ್ಲ ಅಂದ್ರೆ, ನೀವೇ ಗೊತ್ತಿದ್ದು ಮಾಡಿದೀರಿ ಅಂತ ಬರ್ಕೋಬೇಕಾಗುತ್ತೆ ಅಮ್ಮ.”

ಪೆನ್ನು ಕಾಗದಕ್ಕೆ ತಾಗಿತು. ನಾನು ಸುಮ್ಮನಿದ್ದರೆ ನಡೆದುಹೋಗುತ್ತಿತ್ತು. ನಾನು ಅಲ್ಲಿ ಜೊತೆಗೆ ಬಂದ ನೆರೆಮನೆಯವಳು, ನನ್ನ ಆಧಾರ್ ಸಹ ಯಾರೂ ಕೇಳಿರಲಿಲ್ಲ.

“ಆ ಧ್ವನಿ ನಂದು ಮೇಡಂ” ಎಂದೆ. “ದರ್ಶನಕ್ಕೆ ಅಂತ ಸುಳ್ಳು ಹೇಳಿ ನಾನೇ ಮಾಡಿಸ್ದೆ. ಇವರಿಗೆ ಏನೂ ಗೊತ್ತಿಲ್ಲ.”

ನನ್ನ ಹೆಸರು, ಗಂಡನ ಹೆಸರು, ವಿಳಾಸ ಬರೆದುಕೊಂಡರು. ಯಾರಿಗಾಗಿ ಎಂದು ಕೇಳಿದಾಗ ಶ್ರೀಧರನ ಹೆಸರನ್ನೂ ಹೇಳಿದೆ. ಹೇಳುವಾಗ ತೊದಲಲಿಲ್ಲ. ಅದೂ ದೇವರ ದಯೆಯೇ.

ಶ್ರೀಧರನನ್ನು ಕರೆಸಿದರು, ಫೋನು, ಲ್ಯಾಪ್‌ಟಾಪ್ ಇಟ್ಟುಕೊಂಡರು. ಅವನು ನಾಣ್ಯ ಮಾರಿದವನೇ ಹೊರತು ಮೋಸದ ಗುಂಪಿನವನಲ್ಲ ಎಂದು ಅವನ ಲೆಕ್ಕಪತ್ರಗಳಿಂದಲೇ ಕಂಡುಬಂತು. ಆದರೆ ಇನ್ನೊಬ್ಬರ ಹೆಸರಿನಲ್ಲಿ ವ್ಯಾಪಾರ ಮಾಡಿದ್ದಕ್ಕೆ, ತೆರಿಗೆ ಮುಚ್ಚಿಟ್ಟಿದ್ದಕ್ಕೆ ಇನ್ನೂ ಠಾಣೆಗೂ ತೆರಿಗೆ ಕಚೇರಿಗೂ ಓಡಾಡುತ್ತಿದ್ದಾನೆ. ಕೆಲಸ ಹೋಗಲಿಲ್ಲ. ನಮ್ಮ ಮನೆಗೆ ಬರುವುದು ನಿಂತಿತು. ನನ್ನನ್ನೂ ಮೂರು ಸಲ ಕರೆಸಿದರು. ನಮ್ಮ ಮನೆಯವರು ಒಂದು ತಿಂಗಳು “ಊಟಕ್ಕೆ ಹಾಕು” ಎನ್ನುವುದನ್ನು ಬಿಟ್ಟು ಬೇರೆ ಮಾತಾಡಲಿಲ್ಲ. ಊಟವನ್ನಾದರೂ ಕೇಳುತ್ತಿದ್ದರಲ್ಲ ಎಂದುಕೊಂಡೆ.

ಶಾರದಮ್ಮನವರನ್ನು ಸಾಕ್ಷಿಯೆಂದು ಪರಿಗಣಿಸಿದರು. ಏಳು ವಾರದ ಮೇಲೆ, ತಕರಾರಿನ ಹಣವಷ್ಟನ್ನು ಬಿಟ್ಟು ಉಳಿದದ್ದಕ್ಕೆ ತಡೆ ತೆಗೆದರು, ಪಿಂಚಣಿ ಕೈಗೆ ಬಂತು. ಆ ಏಳು ವಾರವೂ ದಿನಾ ಮಧ್ಯಾಹ್ನ ಕ್ಯಾರಿಯರಿನಲ್ಲಿ ಊಟ ತೆಗೆದುಕೊಂಡು ಹೋಗುತ್ತಿದ್ದೆ. ಬಾಗಿಲು ತೆಗೆದು ತೆಗೆದುಕೊಳ್ಳುತ್ತಿದ್ದರು, ಹಿಂದಿನ ದಿನದ್ದನ್ನು ತೊಳೆದು ಕೊಡುತ್ತಿದ್ದರು. ಪಿಂಚಣಿ ಬಂದ ದಿನ ಮಾತ್ರ ಒಳಗೆ ಕರೆದರು.

“ತಪ್ಪಾಯ್ತು ಶಾರದಮ್ಮ” ಎಂದೆ. “ಅಷ್ಟು ಕೇಳಿದ್ರೂ ನೀವು ನನ್ನ ಹೆಸರು ಹೇಳ್ಲಿಲ್ಲ. ನಿಮ್ಮ ದೊಡ್ಡ ಮನಸ್ಸು.”

“ದೊಡ್ಡ ಮನಸ್ಸೂ ಇಲ್ಲ, ಮಣ್ಣೂ ಇಲ್ಲ. ನನಗೆ ಮೈಯೆಲ್ಲ ಉರೀತಿತ್ತು. ಇವಳೇ ಹೇಳ್ತಾಳೋ ಇಲ್ವೋ ನೋಡೇಬಿಡೋಣ ಅಂತ ಕೂತಿದ್ದೆ.”

“ನಾನು ಹೇಳದೇ ಹೋಗಿದ್ರೆ?”

“ನಾನೇ ಹೇಳ್ತಿದ್ದೆ. ಮತ್ತೆ ನಿಮ್ಮ ಮುಖ ನೋಡ್ತಿರ್ಲಿಲ್ಲ.”

ಅದಕ್ಕೂ ನಾನು ಕೈಮುಗಿದೆ.

ಗುರುತು ಕೇಳುವವರ ಮೇಲೆ ನಾವೆಲ್ಲ ಸಿಡುಕುತ್ತೇವೆ. ಹೆಸರು ಹೇಳದೆ ಇರಬೇಕೆನ್ನುವವರಿಗೆ ಅವರವರ ಕಾರಣವೂ ಇದ್ದೀತು, ಅದನ್ನು ತೂಗುವ ಬುದ್ಧಿ ನನಗಿಲ್ಲ. ತನ್ನ ಮುಖ ಮರೆಮಾಡಲು ಇನ್ನೊಬ್ಬರ ಮುಖ ಎರವಲು ಕೇಳಿದರೆ ಕೊಡಿಸಬಾರದು ಎಂಬುದಷ್ಟು ಗೊತ್ತಾಯಿತು. ಫೈಲಿನ ಕಾಗದಗಳನ್ನು ಅವರವರಿಗೆ ಹಿಂತಿರುಗಿಸಿ, ನಡೆದದ್ದನ್ನು ಭಜನೆಯ ದಿನ ಎಲ್ಲರ ಮುಂದೆ ಹೇಳಿದೆ. ಇಬ್ಬರು ಮಂಡಳಿ ಬಿಟ್ಟರು. ನಾನೂ ಈ ಕೆಲಸ ಬಿಡುತ್ತೇನೆ ಎಂದೆ.

“ಬಿಟ್ಟು ಹೋಗೋದು ಸುಲಭ” ಎಂದರು ಶಾರದಮ್ಮ. “ಕಾಶಿಗೆ ಟಿಕೆಟ್ ಮಾಡಿ. ನನ್ನ ನಂಬರು ನಾನೇ ಒತ್ತೀನಿ.”

ಮರುದಿನ ನನ್ನ ಪಕ್ಕದಲ್ಲೇ ಕೂತು, ಬಂದ ಸಂದೇಶವನ್ನು ಮೊದಲಿಂದ ಕೊನೆಯವರೆಗೆ ನನ್ನಿಂದ ಓದಿಸಿದರು. ಆಮೇಲೆ ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕಿ ಹುಡುಕಿ ಒತ್ತತೊಡಗಿದರು. ಹೊತ್ತು ಮೀರಿತು, ಪರದೆ ಮತ್ತೆ ಮೊದಲಿಗೆ ಹೋಯಿತು, ಹೊಸ ಒಟಿಪಿ ಬಂತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು. ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿಟ್ಟುಕೊಂಡೆ. ಮೂರನೆಯ ಸಲಕ್ಕೆ ಆಯಿತು.